ಕಮಲಾ ಕಾಕು ಸಾರಿದ ಮೌನವ್ರತ

ತ್ರಿಶಲಾ ಮಾತು ಬಿಟ್ಟದ್ದು ಮಂಗಳವಾರ ಸಂಜೆ. ಅದು ವ್ರತವಾದದ್ದು ಗುರುವಾರ ಬೆಳಿಗ್ಗೆ. ನಡುವಿನ ಒಂದೂವರೆ ದಿನ ಹುಡುಗಿ ತುಟಿ ಬಿಚ್ಚಿಲ್ಲ ಎಂಬುದು ಹದಿನಾಲ್ಕು ಜನರ ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಗವಾಡದ ಬಸದಿ ಓಣಿಯಲ್ಲಿ ಅದು ದೊಡ್ಡ ಮನೆ. ಅಪ್ಪ ಶಾಂತಿನಾಥನಿಗೆ ಕಬ್ಬಿನ ಚಿಂತೆ, ಅವ್ವ ಲಕ್ಷ್ಮಿಬಾಯಿಗೆ ಒಲೆಯ ಚಿಂತೆ, ಉಳಿದವರಿಗೆ ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಅಷ್ಟು ಗದ್ದಲದಲ್ಲಿ ಒಂದು ಧ್ವನಿ ಕಡಿಮೆಯಾದರೆ ಯಾರಿಗೆ ಗೊತ್ತಾಗಬೇಕು?

ಹಾಗಂತ ತ್ರಿಶಲಾ ಮೊದಲಿನಿಂದಲೂ ಮೌನಗೌರಿಯೇನಲ್ಲ. ಹತ್ತನೆಯ ಇಯತ್ತೆಯ ಕೋಣೆಯಲ್ಲಿ ಮಾಸ್ತರರು ಬೋರ್ಡಿನ ಕಡೆ ತಿರುಗಿದರೆ ಸಾಕು, ಎರಡನೆಯ ಬಾಕಿನಿಂದ ಪಿಸುಪಿಸು ಶುರು. ಆ ಬಾಕಿನ ಮೇಲೆ ಐದನೆಯ ಇಯತ್ತೆಯಿಂದ ಅವಳ ಪಕ್ಕ ಕೂತವಳು ಸುಂದರಾ, ಲೈನ್‌ಮನ್ ಜ್ಞಾನದೇವನ ಮಗಳು. ಇಬ್ಬರದೂ ಒಂದೇ ಬುತ್ತಿ, ಒಂದೇ ಛತ್ರಿ, ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುವಷ್ಟು ಗೆಳೆತನ. ಆ ಮಂಗಳವಾರ ಸಾಲಿ ಬಿಟ್ಟ ಮೇಲೆ, ಬೇವಿನ ಗಿಡದ ಕೆಳಗೆ, ಸುಂದರಾ ತನ್ನ ಚಪ್ಪಲಿ ನೋಡುತ್ತ ಹೇಳಿದಳು:

"ಅಪ್ಪಗ ನಿಪ್ಪಾಣಿಗೆ ಬದ್ಲಿ ಆಗೇತಿ. ಮುಂದಿನ ವಾರ ಹೋಗೂದೈತಿ."

ತ್ರಿಶಲಾಳಿಗೆ ಅಳು ಒತ್ತಿ ಬಂತು. ಆಗ ಅವಳು ಅತ್ತುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಬೇರೆ ಹುಡುಗಿಯರು ಮೂವರಿದ್ದರು. ಹದಿನೈದರ ವಯಸ್ಸಿನಲ್ಲಿ ಮೂವರ ಮುಂದೆ ಅಳುವುದಕ್ಕಿಂತ ಬಾವಿಗೆ ಹಾರುವುದು ಸುಲಭ ಅನ್ನಿಸುತ್ತದೆ. ಅವಳು ಮುಖ ಸೊಟ್ಟಗೆ ಮಾಡಿ ಅಂದುಬಿಟ್ಟಳು:

"ಹೋಗ. ನೀ ಹ್ವಾದ್ರ ನನಗ ಬ್ಯಾರೆ ಗೆಳತ್ಯಾರ ಇಲ್ಲೇನ?"

ಮೂವರೂ ಕಿಸಕ್ಕೆಂದು ನಕ್ಕರು. ಸುಂದರಾ ನಗಲಿಲ್ಲ, ಬೈಯಲೂ ಇಲ್ಲ. ಪಾಟಿಚೀಲ ಹೆಗಲಿಗೇರಿಸಿ ಊರ ಹೊರಗಿನ ಕರೆಂಟ್ ಆಫೀಸಿನ ಕ್ವಾರ್ಟರ್ಸ್ ಕಡೆಗೆ ನಡೆದುಬಿಟ್ಟಳು.

ತ್ರಿಶಲಾ ಮನೆಗೆ ಬಂದು ಅವ್ವನನ್ನು ಕರೆಯಲು ಬಾಯಿ ತೆರೆದಳು. ಮಾತಿಗಿಂತ ಮೊದಲು ಅಳು ಬಂತು. ಬಾಯಿ ಮುಚ್ಚಿದರೆ ಅಳು ಒಳಗೇ ನಿಂತಿತು. ಮರುದಿನವೂ ಅದೇ ಆಯಿತು. ಊಟ ಸೇರಲಿಲ್ಲ. ಅಂಥ ಮಾತಾಡಿದ ಬಾಯಿ ಮುಚ್ಚಿಕೊಂಡೇ ಇರಲಿ ಎಂದು ತನ್ನ ಮೇಲೆ ತಾನೇ ಸಿಟ್ಟಾಗಿ ಕೂತಳು. ಒಳಗಿಂದೊಳಗೆ ಒಂದೇ ಆಸೆ: ಯಾರಾದರೂ ಬಂದು, ಏನಾಗೇತಿ ಅಂತ ಒಂದು ಸಲ ಕೇಳಲಿ.

ಕೇಳಲು ಬಂದವಳು ಕಮಲಾ ಕಾಕು.

ಕಮಲಾಬಾಯಿ ತ್ರಿಶಲಾಳ ಚಿಕ್ಕಪ್ಪನ ಹೆಂಡತಿ. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಆಲ್ ಇಂಡಿಯಾ ರೇಡಿಯೋ. ಅಂದು ಭಾದ್ರಪದದ ಪಂಚಮಿ, ದಶಲಕ್ಷಣ ಪರ್ವದ ಮೊದಲ ದಿನ. ಜೈನರ ಮನೆಗಳಲ್ಲಿ ಆ ಹತ್ತು ದಿನ ಯಾರು ಏನು ನೇಮ ಹಿಡಿದರು ಎಂಬುದೇ ಮಾತು: ಒಬ್ಬರು ಉಪವಾಸ, ಒಬ್ಬರು ಒಪ್ಪತ್ತು, ಕೈಲಾಗದವರು ಹಸಿಕಾಯಿಪಲ್ಲೆ ಬಿಡುವುದು. ಕಾಕು ಬಸದಿಗೆ ಹೊರಟ ಹೆಂಗಸರ ನಡುವೆ ನಿಂತು ಮಕ್ಕಳನ್ನೆಲ್ಲ ವಿಚಾರಿಸುತ್ತ ಬಂದಳು.

"ನೀ ಏನ ಹಿಡದಿ ಬೇ, ತ್ರಿಶಲಾ?"

ತ್ರಿಶಲಾ ಸುಮ್ಮನೆ ನೋಡಿದಳು. ಕಣ್ಣು ತುಂಬಿ ಬಂತು.

"ಯಾಕ, ಬಾಯಾಗ ಏನ ತುಂಬಕೊಂಡಿ?" ಎಂದ ಕಾಕು ಅಲ್ಲೇ ಗಕ್ಕನೆ ನಿಂತಳು. ನಿನ್ನೆಯಿಂದ ಹುಡುಗಿ ಮಾತಾಡಿದ್ದು ಕೇಳಿದ ನೆನಪಿಲ್ಲ. ನಿನ್ನೆ ತಾಟು ಹಾಗೇ ಬಿಟ್ಟು ಎದ್ದದ್ದು ನೆನಪಿದೆ. ಕಾಕು ಎರಡನ್ನೂ ಕೂಡಿಸಿದಳು. "ಅಯ್ಯ ನನ್ನ ಬಂಗಾರಾ! ಮೌನ ಹಿಡದಾಳ್ರೆ ಹುಡುಗಿ! ಮ್ಯಾಲ ಒಪ್ಪತ್ತ ಬ್ಯಾರೆ!"

ತ್ರಿಶಲಾ ಗಾಬರಿಯಾಗಿ ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

"ನೋಡ್ರಿ, ನೋಡ್ರಿ, ಯಾರಿಗೂ ಹೇಳಬ್ಯಾಡ ಅನ್ನಾಕತ್ತಾಳ! ಎಷ್ಟ ವಿನಯ!" ಎಂದ ಕಾಕು ಅಲ್ಲಿಂದ ಹೊರಟು, ಬಸದಿ ಮುಟ್ಟುವುದರೊಳಗೆ ದಾರಿಯ ಹನ್ನೊಂದು ಮನೆಗೆ ಹೇಳಿ ಮುಗಿಸಿದ್ದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪಕ್ಕದ ಊರು ಮಂಗಸೂಳಿಯನ್ನೂ ದಾಟಿತು. ಸಂಜೆ ಬಸದಿಯ ಉಪಾಧ್ಯೆಯವರೇ ಮನೆಗೆ ಬಂದರು. ಅವರು ಪೂಜೆಯಷ್ಟೇ ಎಚ್ಚರದಿಂದ ಮಾತಾಡುವ ಮನುಷ್ಯ. ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡಿ, "ಸಂಕಲ್ಪ ಯಾವಾಗ ಮಾಡಿದಿ ತಂಗಿ? ಯಾರ ಬಲವಂತಾನೂ ಇಲ್ಲಲ್ಲ?" ಎಂದರು.

"ಒಳಗಿಂದೊಳಗ ಮಾಡ್ಯಾಳ್ರಿ," ಎಂದಳು ಕಾಕು. "ಬಲವಂತ ಯಾರ ಮಾಡ್ತಾರ್ರೀ? ನಮಗರೆ ಎಲ್ಲಿ ಗೊತ್ತಿತ್ತ?"

ಮೌನದಲ್ಲಿರುವವಳನ್ನು ಪ್ರಶ್ನೆ ಕೇಳುವುದೇ ತಪ್ಪು ಎಂದು ಉಪಾಧ್ಯೆಯವರಿಗೂ ಅನ್ನಿಸಿರಬೇಕು. ಕೈ ಎತ್ತಿ ಆಶೀರ್ವಾದ ಮಾಡಿ ಹೋದರು. ತ್ರಿಶಲಾ ಓಡಿಹೋಗಿ ನೋಟುಪುಸ್ತಕ ತಂದು ದೊಡ್ಡದಾಗಿ ಬರೆಯತೊಡಗಿದಳು. 'ಇದು' ಎಂದು ಬರೆಯುವಷ್ಟರಲ್ಲಿ ಕಾಕು ಪುಸ್ತಕ ಕಸಿದುಕೊಂಡಳು.

"ಬರಿಯೂದೂ ಮಾತಾಡಿದಂಗನ ನನ್ನ ತಾಯಿ. ಸಣ್ಣದಕ್ಕ ಯಾಕ ವ್ರತ ಕೆಡಸಕೋತಿ?"

ಖರೆ ಹೇಳಬೇಕೆಂದರೆ ಮೊದಲ ಎರಡು ದಿನ ತ್ರಿಶಲಾಳಿಗೆ ಸ್ವಲ್ಪ ಹಿತವೇ ಅನ್ನಿಸಿತು. ಮಾತಾಡುವಾಗ ಯಾರೂ ನೋಡದವಳನ್ನು ಈಗ ಊರೇ ನೋಡುತ್ತಿತ್ತು. ಅಪ್ಪ ಕಬ್ಬಿನ ಗದ್ದೆಗೆ ಹೋಗುವ ಮುಂಚೆ ತಲೆ ಸವರಿ ಹೋಗುತ್ತಿದ್ದ. ಸಾಲಿಯ ಹೆಡ್‌ಮಾಸ್ತರರು ತಾವಾಗಿ ಹತ್ತು ದಿನದ ರಜೆ ಕೊಟ್ಟರು. ಅವಳ ಮೌನಕ್ಕೆ ಭಂಗ ಬರಬಾರದೆಂದು ಚೌಕದ ಗಣಪತಿ ಮಂಡಳದ ಹುಡುಗರು ಸ್ಪೀಕರಿನ ಬಾಯಿ ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದರು. ಕಾಕು ಪಡಸಾಲೆಯಲ್ಲಿ ಮಣೆ ಹಾಕಿ, ಅವಳಿಗೆ ಬಿಳಿಸೀರೆ ಉಡಿಸಿ ಕೂಡಿಸಿದಳು. ಹೆಂಗಸರು ಬಂದು ಕಾಯಿ ಇಟ್ಟು ಕೈ ಮುಗಿದರು. ಇಷ್ಟೆಲ್ಲ ಜನ ಬಂದರು, ಆದರೆ ಏನಾಗೇತಿ ಎಂದು ಕೇಳುವ ದಾರಿ ಮಾತ್ರ ಪೂರ್ತಿ ಮುಚ್ಚಿಹೋಯಿತು. ಮೊದಲು ಯಾರಿಗೂ ಲಕ್ಷ್ಯವಿರಲಿಲ್ಲ, ಈಗ ಕೇಳಿದರೆ ಪಾಪ ಬರುತ್ತದೆ!

ಜೊತೆಗೆ ಹಸಿವು ಬೇರೆ. ಮೂರನೆಯ ದಿನ ದುಃಖ ಸ್ವಲ್ಪ ಕರಗಿ, ರೊಟ್ಟಿಯ ಆಸೆಯಾಯಿತು. ಆಗಲೇ ಒಪ್ಪತ್ತು ಎಂದು ಸಾರಿಯಾಗಿತ್ತು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಎರಡನೆಯ ಸಲ ಉಣ್ಣಲು ಕೂತರೆ ಈ ಪುಣ್ಯಾತ್ಮಳು ಬಿಸಿರೊಟ್ಟಿಯ ವಾಸನೆ ಕುಡಿಯುತ್ತ ಮಣೆಯ ಮೇಲೆ ಕೂತಿರಬೇಕು.

ಅಂಥದೇ ಹೊತ್ತಿನಲ್ಲಿ ಜಯಪಾಲ ಬಂದ. ಅವನು ಕಾಕುವಿನ ಒಬ್ಬನೇ ಮಗ, ಅಥಣಿಯಲ್ಲಿ ಪಿಯುಸಿ ಸೈನ್ಸ್. ಕಾಕು ಅವನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು ಎರಡು ವರ್ಷವಾಗಿತ್ತು, ಬರೀ "ಡಾಕ್ಟರ್ರ" ಅನ್ನುತ್ತಿದ್ದಳು. ಅವನು ಅತ್ತಿತ್ತ ನೋಡಿ ಮಣೆಯ ಮುಂದೆ ಕೂತ.

"ನೀ ಯಾರಿಗೂ ಹೇಳಾಂಗಿಲ್ಲಲ್ಲ," ಎಂದ. ಹೇಳುವುದಾದರೂ ಹೇಗೆ ಎಂಬಂತೆ ತ್ರಿಶಲಾ ನೋಡಿದಳು. "ನಾ ತಿಂಗಳಾತ ಕಾಲೇಜಿಗೆ ಹೋಗಿಲ್ಲ. ಬಸ್ ಹತ್ತಿ ಹೋಗ್ತೀನಿ, ಅಥಣಿ ಸ್ಟ್ಯಾಂಡಿನ್ಯಾಗ ಕುಂದರ್ತೀನಿ, ಸಂಜೀಕ ತಿರಗಿ ಬರ್ತೀನಿ. ಫಿಜಿಕ್ಸ್ ಅಂದ್ರ ಕೈಕಾಲ ತಣ್ಣಗಾಗ್ತಾವ. ಎದಿ ಹೊಡಕೋತೈತಿ. ಅವ್ವ ಡಾಕ್ಟರ್ರ ಅಂತ ಕರದಾಗೆಲ್ಲಾ ಎಲ್ಲ್ಯರೆ ಓಡಿ ಹೋಗಲ್ಯಾ ಅನಸ್ತೈತಿ."

ತ್ರಿಶಲಾ ಬೆರಗಾಗಿ ಕೂತಳು. ಮನೆಯಲ್ಲೆಲ್ಲ ಸಿಳ್ಳೆ ಹೊಡೆಯುತ್ತ, ಕನ್ನಡಿಯ ಮುಂದೆ ಅರ್ಧ ತಾಸು ಬೈತಲೆ ತೆಗೆಯುವ ಜಯಪಾಲನಿಗೆ ಇಂಥದ್ದು ಇರಬಹುದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಏನಾದರೂ ಹೇಳಬೇಕು ಅನ್ನಿಸಿತು. ಹೇಳಲಾಗದೆ ಅವನ ಕೈ ಹಿಡಿದುಕೊಂಡಳು. ಅವನು ಬಹಳ ಹೊತ್ತು ಕೂತಿದ್ದು ಎದ್ದ.

"ಹಗರಾತ ನೋಡ," ಎಂದು ಮೂಗು ಒರೆಸಿಕೊಂಡು ಹೋದ. ಹೋದವನು ಸುಮ್ಮನಿರಬೇಕಲ್ಲ! ತನ್ನ ಗೆಳೆಯ ಭೀಮಸಿಗೆ ಹೇಳಿದ: "ಅಕಿ ಹಂತೇಕ ಒಂದೀಟ ಕುಂತ ಬಾ. ನಡುವ ಬಾಯಿ ಹಾಕೂದಿಲ್ಲ, ಬುದ್ಧಿ ಹೇಳೂದಿಲ್ಲ."

ನಾಲ್ಕನೆಯ ದಿನ ಭೀಮಸಿ ಬಂದ. ದುರಗಪ್ಪನ ಮಗ, ಕಬಡ್ಡಿಯಲ್ಲಿ ತಾಲೂಕಿಗೇ ಹೆಸರಾದವನು. ಅಂಗಳದಲ್ಲಿ ಅವನನ್ನು ಕಂಡು ಕರು ಕೂಡ ಹಿಂದೆ ಸರಿಯಿತು. ಅವನು ಮಣೆಯ ಮುಂದೆ ಮುದುಡಿ ಕೂತು ಹೇಳಿದ: "ಮ್ಯಾಚ್ ಇದ್ದಾಗ ಎಲ್ಲಾರೂ ಹೆಗಲ ಮ್ಯಾಲ ಹೊರತಾರ. ಮರುದಿನ ಬುತ್ತಿ ಬಿಚ್ಚುಮುಂದ ಒಬ್ಬನೂ ಹಂತೇಕ ಬಂದ ಕುಂದ್ರೂದಿಲ್ಲ. ನನಗ ಮಾತಾಡಾಕ ಬರೂದಿಲ್ಲವಾ. ಬರೇ ಹಿಡಿಯಾಕ ಬರತೈತಿ."

ಐದನೆಯ ದಿನ ವಿಜಯಮಾಲಾ ಬಂದಳು. ಇಯತ್ತೆಗೆ ಯಾವಾಗಲೂ ಮೊದಲ ನಂಬರು, ಬೇವಿನ ಗಿಡದ ಕೆಳಗೆ ಕಿಸಕ್ಕೆಂದ ಮೂವರಲ್ಲಿ ಒಬ್ಬಳು. ತ್ರಿಶಲಾ ಮುಖ ತಿರುಗಿಸಬೇಕೆಂದುಕೊಂಡಳು, ಆದರೆ ಮಣೆಯ ಮೇಲೆ ಕೂತವರು ಮುಖ ತಿರುಗಿಸುವಂತಿಲ್ಲ. ವಿಜಯಮಾಲಾ ಕಾಯಿ ಇಟ್ಟು, ತಿರುವಲು ಸೆರಗಿಲ್ಲದೆ ಲಂಗದ ತುದಿಯನ್ನೇ ತಿರುವುತ್ತ ಪಿಸುಗುಟ್ಟಿದಳು: "ಪ್ರತಿ ಪರೀಕ್ಷಾಕ ಮೊದಲ ನನಗ ವಾಂತಿ ಆಗತೈತಿ. ಒಂದ ಸಲ ಎರಡನೇ ನಂಬರ ಬಂದ್ರ ಎಷ್ಟ ಛಲೋ ಆಗ್ತಿತ್ತ. ನೀನೂ ಸುಂದರಾನೂ ನಗೂದ ನೋಡಿ ನನಗ ಹೊಟ್ಟಿ ಉರೀತಿತ್ತ. ಅದಕ್ಕ ನಕ್ಕೆ ಆವತ್ತ."

ಆರನೆಯ ದಿನದಿಂದ ಸರತಿಯೇ ಶುರುವಾಯಿತು. ಹೆಂಗಸರ ಸಾಲು ಬೇರೆ, ಹುಡುಗ ಹುಡುಗಿಯರ ಸಾಲು ಬೇರೆ. ಯಾರ ಅವ್ವಂದಿರಿಗೂ ಸಂಶಯವಿಲ್ಲ, ಮಕ್ಕಳಿಗೆ ಭಕ್ತಿ ಹತ್ತಿದೆ ಎಂದು ಅವರೇ ಕೈಗೆ ಕಾಯಿ ಕೊಟ್ಟು ಕಳಿಸುತ್ತಿದ್ದರು. ಕಾಕು ಬಾಗಿಲಲ್ಲಿ ಕಂಡಕ್ಟರಿನ ಹಾಗೆ ನಿಂತು, "ಒಬ್ಬೊಬ್ಬರ ಬರ್ರಿ, ನೂಕಬ್ಯಾಡ್ರಿ" ಎನ್ನುತ್ತಿದ್ದಳು. ಒಳಗೆ ತ್ರಿಶಲಾ ಕೇಳಿದ್ದೇ ಕೇಳಿದ್ದು. ಒಬ್ಬಳಿಗೆ ಮೈಬಣ್ಣದ ದುಃಖ, ಒಬ್ಬನಿಗೆ ಧ್ವನಿ ಒಡೆದ ನಾಚಿಕೆ, ಒಬ್ಬಳ ಅಪ್ಪ ಅವ್ವ ತಿಂಗಳಿಂದ ಮಾತು ಬಿಟ್ಟಿದ್ದಾರೆ. ವಿಚಿತ್ರವೆಂದರೆ ಪ್ರತಿಯೊಬ್ಬರೂ ಎದ್ದು ಹೋಗುವಾಗ ಒಂದೇ ಮಾತು ಹೇಳುತ್ತಿದ್ದರು: ಹಿಂಗ ಆಗೂದ ನನಗೊಬ್ಬಗ. ಹಿಂಗ ಆಗೂದ ನನಗೊಬ್ಬಾಕಿಗೆ. ಅಂಗಳದಲ್ಲಿ ಪಕ್ಕಪಕ್ಕ ಕೂತು ಸರತಿ ಕಾಯುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. 'ಭೀಮಸಿ, ಆ ಧ್ವನಿ ಒಡದ ಹುಡುಗನ ಬಾಜೂಕ ಕುಂತ ಬುತ್ತಿ ಬಿಚ್ಚೋ, ಅವನೂ ಒಬ್ಬನ ಅದಾನ' ಎಂದು ಕೂಗಿಬಿಡಬೇಕೆಂದು ತ್ರಿಶಲಾಳ ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದಳು.

ಏಳನೆಯ ದಿನ ಮಧ್ಯಾಹ್ನ, ಅಂಗಳ ತುಂಬಿದ್ದಾಗ, ಸುಂದರಾ ಬಂದಳು. ಕೈಯಲ್ಲಿ ಕಾಯಿ ಇರಲಿಲ್ಲ.

"ಅಲ್ಲೇ ನಿಂದರ, ಮಾತಾಡಸಬ್ಯಾಡ ಆಕೀನ," ಎಂದಳು ಕಾಕು. "ಕೈ ಮುಗದ ಹೋಗ."

ಸುಂದರಾ ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾಡಿದ್ದ ಮುಂಜಾನೆ ಎಂಟಕ್ಕ ಟ್ರಕ್ ಬರತೈತಿ. ಹೋಗಾಕತ್ತೇವಿ ನಾವು."

ತ್ರಿಶಲಾ ಬಾಯಿ ತೆರೆದಳು. ಇಪ್ಪತ್ತು ಜೋಡಿ ಕಣ್ಣು ಅವಳ ತುಟಿಯ ಮೇಲೆ ನೆಟ್ಟವು. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಏಳು ದಿನದಲ್ಲಿ ಅವ್ವನ ಮುಖದಲ್ಲಿ ಕಂಡಷ್ಟು ಹೆಮ್ಮೆಯನ್ನು ತ್ರಿಶಲಾ ಹಿಂದೆಂದೂ ಕಂಡಿರಲಿಲ್ಲ. ಮಾತಾಡಿದರೆ ಅದೆಲ್ಲ ಮಣ್ಣುಪಾಲು, ಅಪ್ಪ ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಇರ್ಲಿ ಬಿಡ," ಎಂದಳು ಸುಂದರಾ. ನಗಲು ನೋಡಿದಳು, ಆಗಲಿಲ್ಲ. "ಇಡೀ ಊರಿಗೆ ಪುಣ್ಯಾ ಹಂಚಾಕತ್ತಿ. ನನಗಷ್ಟ ಮೌನ ಹಿಡದಿ."

ಎಂದವಳು ದೂರದಿಂದಲೇ, ಉಳಿದವರೆಲ್ಲ ಮಾಡಿದ ಹಾಗೆ, ಕೈ ಮುಗಿದು ಹೋದಳು. ಬೈದಿದ್ದರೂ, ಕಲ್ಲು ಎತ್ತಿ ಹೊಡೆದಿದ್ದರೂ ತ್ರಿಶಲಾ ತಡೆದುಕೊಳ್ಳುತ್ತಿದ್ದಳು. ಸುಂದರಾ ತನಗೆ ಕೈ ಮುಗಿಯುವುದೆಂದರೇನು! ಅವಳಿಗೆ ಸತ್ತು ಹೋಗಬೇಕೆನ್ನಿಸಿತು.

ಎಂಟನೆಯ ದಿನ ಬೆಳಿಗ್ಗೆ ಮನೆಮಂದಿಯೆಲ್ಲ ಅಭಿಷೇಕಕ್ಕೆ ಬಸದಿಗೆ ಹೋಗಿದ್ದರು. ಹೊರಗೆ ಸಣ್ಣಗೆ ಮಳೆ. ಮನೆಯಲ್ಲಿ ಉಳಿದವರು ತ್ರಿಶಲಾ ಮತ್ತು ಅಪ್ಪನ ತಾಯಿ ತಾರಾಬಾಯಿ ಆಯಿ, ಮಂಡಿನೋವಿನ ಎಪ್ಪತ್ತರ ಮುದುಕಿ. ಆಯಿ ಅರಳೆಯಿಂದ ಬತ್ತಿ ಹೊಸೆಯುತ್ತಿದ್ದಳು. ಹೊಸೆಯುತ್ತ ಹೊಸೆಯುತ್ತ, ಯಾರಿಗೋ ಹೇಳುವಂತೆ ಶುರುಮಾಡಿದಳು:

"ನಾ ಲಗ್ನಾಗಿ ಈ ಮನಿಗೆ ಬಂದಾಗ ನನಗ ಹದಿಮೂರ ವರ್ಷ. ಬಂದ ವರ್ಷ ಚಾತುರ್ಮಾಸದಾಗ ನಾಕ ತಿಂಗಳ ಬಾಯಿ ಬಿಡಲಿಲ್ಲ. ಇಷ್ಟಗಲ ಹುಡುಗಿ ಎಂಥಾ ಕಠಿಣ ಮೌನ ಹಿಡದಾಳಂತ ಊರೆಲ್ಲಾ ಕೈ ಮುಗೀತು. ನಮ್ಮತ್ತಿ ಬೆಳ್ಳಿ ಬಟ್ಟಲ ಕೊಟ್ಲು." ಆಯಿ ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಮೌನಾ ಅಲ್ಲ, ಮಣ್ಣಂಗಟ್ಟಿನೂ ಅಲ್ಲ. ನನ್ನ ತಂಗೀದ ನೆನಪಾಗಿ ಗಂಟಲ ಹಿಡದಿತ್ತು. ಒಬ್ಬರರೆ ಏನಾಗೇತಿ ಅಂತ ಕೇಳ್ತಾರೇನ ಅಂತ ನಾಕ ತಿಂಗಳ ದಾರಿ ಕಾದೆ."

ತ್ರಿಶಲಾ ಆಯಿಯ ಕಡೆ ತಿರುಗಿ ಕೂತಳು.

"ನಿನ್ನ ಮಾರಿ ನೋಡಿ ಮೊದಲನೇ ದಿನಾನ ನನಗ ಗೊತ್ತಾಗಿತ್ತು. ಸುಮ್ಮನ ಇದ್ದೆ. ಮಂದಿ ಬಂದು, ತಾರಾಬಾಯಿ ಮೊಮ್ಮಗಳ ತಾರಾಬಾಯಿ ಹಂಗನ ಅದಾಳಂತ ಅಂದಾಗ ನನಗೂ ರುಚಿ ಹತ್ತಿತ್ತು. ತಪ್ಪ ನಂದೈತಿ." ಆಯಿ ಅರಳೆ ಬದಿಗಿಟ್ಟು, ತೆವಳುತ್ತ ಹತ್ತಿರ ಬಂದು, ಮೊಮ್ಮಗಳ ಗದ್ದ ಹಿಡಿದೆತ್ತಿದಳು. "ಏನಾಗೇತಿ ನಿನಗ?"

ಒಂಬತ್ತು ದಿನ ಕಾದ ಮಾತು! ತ್ರಿಶಲಾ ಆಯಿಯ ತೊಡೆಯ ಮೇಲೆ ಬಿದ್ದು ಅತ್ತಳು. ಸದ್ದು ಮಾಡಿ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು, ಹೊಸೆದ ಬತ್ತಿಯೆಲ್ಲ ಒದ್ದೆಯಾಗುವಷ್ಟು ಅತ್ತಳು. ಆಯಿ ಬೆನ್ನು ನೀವುತ್ತ ಕೂತಳು.

"ನನಗ ಹೇಳೂದ ಬ್ಯಾಡ. ನಿನ್ನಿ ಬಂದಿದ್ಲಲ್ಲ, ಆಕೀದ ಹೌದಿಲ್ಲೋ? ಆಕಿಗೆ ಹೇಳ. ಮನೀ ಮರ್ಯಾದಿ ನಾ ನೋಡ್ಕೋತೀನಿ, ಎಪ್ಪತ್ತ ವರ್ಷದಾಗ ಅಷ್ಟರೆ ಗಳಿಸೀನಿ. ಮೊದಲ ಏಳ, ರೊಟ್ಟಿ ತಿನ್ನ."

ತ್ರಿಶಲಾ ಆ ಹೊತ್ತಲ್ಲದ ಹೊತ್ತಿನಲ್ಲಿ ಮೂರು ರೊಟ್ಟಿ ತಿಂದಳು.

ಒಂಬತ್ತನೆಯ ದಿನ ಬೆಳಿಗ್ಗೆ ಏಳೂವರೆಗೆ ಸರತಿ ಆಗಲೇ ಕೂತಿತ್ತು. ತ್ರಿಶಲಾ ಬಿಳಿಸೀರೆಯುಟ್ಟು ಬಂದಳು, ಆದರೆ ಮಣೆಯ ಮೇಲೆ ಕೂರಲಿಲ್ಲ. ಮಣೆ ದಾಟಿ, ಅಂಗಳ ದಾಟಿ, ಬಾಗಿಲಿಗೆ ನಡೆದಳು. ಹಿಂದೆ ಕೋಲೂರುತ್ತ ಆಯಿ ಬಂದಳು.

"ದಾರಿ ಬಿಡ್ರಿ!" ಎಂದಳು ಆಯಿ.

ಕಾಕು ಒಂದು ಗಳಿಗೆ ಕಣ್ಣು ಬಿಟ್ಟಳು. ಮರುಗಳಿಗೆ ಅವಳಿಗೆ ಎಲ್ಲವೂ ಅರ್ಥವಾಗಿಬಿಟ್ಟಿತು. "ಊರ ಪ್ರದಕ್ಷಿಣಿಗೆ ಹೊಂಟಾಳ್ರೆ! ಛತ್ರಿ ತರ್ರಿ! ಜಾಗಟಿ ತರ್ರಿ!"

ಹೀಗೆ ಮೆರವಣಿಗೆ ಹೊರಟಿತು. ಮುಂದೆ ತ್ರಿಶಲಾ, ಅವಳ ತಲೆಯ ಮೇಲೆ ಕಾಕು ಹಿಡಿದ ಕರೇ ಛತ್ರಿ, ಹಿಂದೆ ಆರತಿತಾಟಿನ ಹೆಂಗಸರು, ಅವರ ಹಿಂದೆ ಜಯಪಾಲ, ಭೀಮಸಿ, ವಿಜಯಮಾಲಾ, ಉಳಿದ ಹುಡುಗ ಹುಡುಗಿಯರು. ಚೌಕದಲ್ಲಿ ಗಣಪತಿ ಮಂಡಳದವರು ಕೂಡಿಕೊಂಡರು. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಿದ್ದ ಇಬ್ಬರಲ್ಲಿ ಒಬ್ಬಳು ಮಾತಾಡುತ್ತಿರಲಿಲ್ಲ, ಇನ್ನೊಬ್ಬಳಿಗೆ ಏದುಸಿರು. ಬಸದಿಯ ತಿರುವಿನಲ್ಲಿ ತ್ರಿಶಲಾ ಬಲಕ್ಕೆ ಹೋಗದೆ ಎಡಕ್ಕೆ ಹೊರಳಿದಾಗ ಕಾಕುವಿನ ಛತ್ರಿ ಸ್ವಲ್ಪ ಹೊತ್ತು ಬಲಕ್ಕೇ ಹೋಯಿತು. ಜಾಗಟೆ ಬಾರಿಸುತ್ತ ಜನ ಕರೆಂಟ್ ಆಫೀಸಿನ ಕ್ವಾರ್ಟರ್ಸ್ ಮುಂದೆ ಬಂದು ನಿಂತರು.

ಟ್ರಕ್ಕಿಗೆ ಮಂಚ, ಟ್ರಂಕು, ಹಾಸಿಗೆಯ ಸುರುಳಿ ಏರಿಯಾಗಿತ್ತು. ಜ್ಞಾನದೇವ ಹಗ್ಗ ಬಿಗಿಯುತ್ತಿದ್ದವನು ಜಾಗಟೆ ಕೇಳಿ ಹಗ್ಗ ಬಿಟ್ಟ. ಇಲಾಖೆಯವರು ಬೀಳ್ಕೊಡಲು ಬಂದಿಲ್ಲ, ಬಸದಿ ಓಣಿ ಯಾಕೆ ಬಂತು ಎಂದು ಅವನಿಗೆ ತಿಳಿಯಲಿಲ್ಲ. ಸುಂದರಾ ಟ್ರಕ್ಕಿನ ಹಿಂಬದಿಯಲ್ಲಿ, ಮಡಿಕೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇವಳನ್ನು ಕಂಡು ಮುಖ ಆಚೆ ತಿರುಗಿಸಿದಳು.

ತ್ರಿಶಲಾ ಹತ್ತಿರ ಹೋದಳು. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದಳು. ಆದರೆ ಆ ಮಡಿಕೆಯನ್ನು ಅಪ್ಪಿ ಹಿಡಿದ ಕೈಗಳನ್ನು ನೋಡಿದಳು. ಒಂಬತ್ತು ದಿನದಲ್ಲಿ ತನ್ನ ಮುಂದೆ ಬಂದು ಕೂತವರ ಕೈಗಳೆಲ್ಲ ಹೀಗೇ ಇದ್ದವು, ಏನನ್ನಾದರೂ ಬಿಗಿಯಾಗಿ ಹಿಡಿದುಕೊಂಡು. ತಾನು ತನ್ನ ಗೆಳತಿ ಹೋಗುತ್ತಾಳೆಂದು ಅತ್ತದ್ದೇ ಅತ್ತದ್ದು. ಹೋಗುವವಳಿಗೆ ಹೇಗಾಗುತ್ತಿದೆ ಎಂದು ಒಂದು ಸಲವಾದರೂ ಎಣಿಸಲಿಲ್ಲ. ಬಾಯಿ ತೆರೆದಳು. ಹತ್ತು ದಿನ ಬಳಸದ ಗಂಟಲಿನಿಂದ ಮೊದಲು ಬರೀ ಗೊರಗೊರ ಬಂತು. ಆಮೇಲೆ ಮಾತು ಬಂತು:

"ನಿನಗ ಅಂಜಿಕಿ ಆಗಾಕತ್ತೇತೇನ ಸುಂದರಾ?"

ಜಾಗಟೆ ನಿಂತಿತು. ಸುಂದರಾ ಈ ಕಡೆ ತಿರುಗಿದಳು.

"ಹೂಂ," ಎಂದಳು. "ಭಾಳ. ಅಲ್ಲಿ ಎಲ್ಲಾ ಹೊಸಾ ಮಂದಿ. ಯಾವ ಬಾಕಿನ ಮ್ಯಾಲ ಕುಂದರ್ಲಿ ನಾ?" ಎಂದು ಮಡಿಕೆಯ ಮೇಲೆ ಹಣೆಯಿಟ್ಟು ಅತ್ತಳು. ತ್ರಿಶಲಾ ಟ್ರಕ್ಕಿನ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಬಿಳಿಸೀರೆಗೆ ಕರೇ ಎಣ್ಣೆ ಮೆತ್ತಿಸಿಕೊಂಡು, ಅವಳನ್ನು ಮಡಿಕೆಯ ಸಮೇತ ಅಪ್ಪಿಕೊಂಡಳು.

"ಅಯ್ಯಯ್ಯೋ, ವ್ರತಾ ಮುರೀತಲ್ಲೇ!" ಎಂದು ಕಾಕು ಛತ್ರಿ ಬಿಟ್ಟಳು. "ಇನ್ನ ಒಂದ ದಿನ ತಡಕೊಳ್ಳಾಕ ಆಗಲಿಲ್ಲೇನ ನಿನಗ?"

"ಅದ ವ್ರತಾ ಅಲ್ಲ ಕಾಕು," ಎಂದಳು ತ್ರಿಶಲಾ, ಮೂಗು ಎಳೆಯುತ್ತ. "ಅಳು ಬರ್ತಿತ್ತ ನನಗ. ಬಾಯಿ ತಗದ್ರ ಅಳು ಬರ್ತಿತ್ತ. ಅಷ್ಟ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ಕೋಲು ಕುಟ್ಟಿ, "ಹೌದ. ನಂದೂ ಹಂಗನ ಇತ್ತ ಆವಾಗ. ಯಾರಿಗರೆ ಕೈ ಮುಗದದ್ದ ತಿರಗಿ ಬೇಕಾಗಿದ್ರ ನನ್ನ ಕಡೆ ಬರ್ರಿ," ಎಂದಳು. ಆಯಿಯ ಬಾಯಿಗೆ ಎದುರಾಡುವವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಲಕ್ಷ್ಮಿಬಾಯಿ ಮಾತ್ರ ಆರತಿತಾಟನ್ನು ಪಕ್ಕದವಳ ಕೈಗೆ ಕೊಟ್ಟು, ಟ್ರಕ್ಕಿನ ಹತ್ತಿರ ಬಂದು, ಮಗಳ ಕಾಲು ಹಿಡಿದುಕೊಂಡು ನಿಂತಳು. ಒಂಬತ್ತು ದಿನ ಒಂದೇ ಸೂರಿನಡಿ ಇದ್ದೂ ತನಗೆ ತಿಳಿಯಲಿಲ್ಲವಲ್ಲ ಎಂಬ ದುಃಖ ಅವಳ ಮುಖದಲ್ಲಿತ್ತು.

ಎಲ್ಲರಿಗಿಂತ ಕಂಗಾಲಾದವರು ಹಿಂದಿನ ಸಾಲಿನ ಹುಡುಗ ಹುಡುಗಿಯರು. ಮೌನದವಳು ಎಂದು ನಂಬಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಸುರಿದಿದ್ದರು. ಈಗ ಅವಳಿಗೆ ಬಾಯಿ ಬಂದಿದೆ! ಜಯಪಾಲನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಕಾಕುವಿನ ಸೆರಗು ಜಗ್ಗಿ, ತಾನು ಸಣ್ಣವನಿದ್ದಾಗ ಕರೆಯುತ್ತಿದ್ದ ಧ್ವನಿಯಲ್ಲಿ, "ಅವ್ವಾ, ನನ್ನ ಡಾಕ್ಟರ್ರ ಅನಬ್ಯಾಡ. ಮನಿಗೆ ಹೋದ ಮ್ಯಾಲ ಒಂದ ಹೇಳೂದೈತಿ," ಎಂದ. ಕಾಕು ಏನೋ ಅನ್ನಲು ಹೋದಳು, ಟ್ರಕ್ಕಿನ ಮೇಲಿದ್ದ ಹುಡುಗಿಯನ್ನು ನೋಡಿದಳು, ತಡೆದಳು. ಅಂಥದ್ದು ಅವಳ ಜನ್ಮದಲ್ಲಿ ಮೊದಲು.

"ಹೇಳೀವಂತ ನಡಿ, ಜಯಪಾಲ," ಎಂದಳು. "ನಾ ಕುಂತ ಕೇಳ್ತೀನಿ."

ಟ್ರಕ್ಕಿನ ಮೇಲೆ ತ್ರಿಶಲಾ ಗೆಳತಿಯ ಕಿವಿಯ ಹತ್ತಿರ ಹೇಳುತ್ತಿದ್ದಳು. ಆದರೆ ಧ್ವನಿ ಇನ್ನೂ ಹತೋಟಿಗೆ ಬಂದಿರಲಿಲ್ಲ, ಕ್ವಾರ್ಟರ್ಸಿಗೆಲ್ಲ ಕೇಳಿಸಿತು: "ಆವತ್ತ ನಾ ಸುಳ್ಳ ಹೇಳಿದ್ದೆ. ಬ್ಯಾರೆ ಯಾರೂ ಇಲ್ಲ ನನಗ. ನೀ ಹ್ವಾದ್ರ ನಾ ಒಬ್ಬಾಕಿನ."

ಆಮೇಲೆ ಹಿಂದಿನ ಸಾಲಿನಿಂದ ಒಂದು ಸಣ್ಣ, ಸಿಟ್ಟಿನ ಧ್ವನಿ ಬಂತು. ಅದು ವಿಜಯಮಾಲಾಳದು.

"ಹಂಗಾರ ನಾವೆಲ್ಲಾ ಏನ ಸತ್ತೇವೇನ?"

ಅವಳು ಹೆಂಗಸರನ್ನು ಸರಿಸಿ ಮುಂದೆ ಬಂದಳು. ಕಿವಿಯೆಲ್ಲ ಕೆಂಪಾಗಿತ್ತು. ಅವಳ ಹಿಂದೆ ಭೀಮಸಿ ಬಂದ. ಮಾತಾಡಲು ಬಾರದವನು ಸುಮ್ಮನೆ ಟ್ರಕ್ಕಿನ ಹಲಗೆ ಹಿಡಿದು ನಿಂತ. ಅವನ ಹಿಂದೆ ಧ್ವನಿ ಒಡೆದ ಹುಡುಗ ಬಂದ, ಮೈಬಣ್ಣದ ದುಃಖದವಳು ಬಂದಳು, ಇಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದೆ ಸರತಿಯಲ್ಲಿ ಕೂತವರೆಲ್ಲ ಬಂದು ಟ್ರಕ್ಕಿಗೆ ಒತ್ತಿ ನಿಂತರು.

ಸುಂದರಾ ತಲೆ ಎತ್ತಿ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ರವಿಕೆಯ ತೋಳಿನಿಂದ ಕಣ್ಣು ಒರೆಸಿಕೊಂಡಳು.

"ನೋಡ, ಆವತ್ತಿನ ಸುಳ್ಳೂ ಖರೇನ ಆತ, ನಿನಗ ಸುಳ್ಳರೆ ನೆಟ್ಟಗ ಹೇಳಾಕ ಬರತೈತೇನ?" ಎಂದಳು ತ್ರಿಶಲಾಳಿಗೆ. ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. "ಇರ್ಲಿ, ಇವರೆಲ್ಲಾ ಇರ್ಲಿ ನಿನಗ. ಆದ್ರ ನನಕಿಂತ ಹೆಚ್ಚ ಯಾರೂ ಆಗಬಾರ್ದ ಮತ್ತ, ಹೇಳಿರ್ತೀನಿ."